ಬೆಟಗೇರಿಯಿಂದ ಉಡಿಯಲ್ಲಿ ಬಂದ ಸೀರೆ

ನನ್ನ ಪಾಲಿಗೆ ಪರದೇಶ ಎಂದರೆ ಬೆಟಗೇರಿ. ನಗಬೇಡಿ, ಮಕ್ಕಳೇ. ಸೊರಟೂರಿನ ಹಳ್ಳ ದಾಟಿದರೆ ಮುಂದಿನದೆಲ್ಲ ಪರಸ್ಥಳ ಎಂದು ನಮ್ಮತ್ತೆ ಹೇಳುತ್ತಿದ್ದರು. ಪರಸ್ಥಳದ ನೀರು ಕುಡಿದರೆ ನೆಗಡಿ, ಅಲ್ಲಿಯ ಅನ್ನ ಉಂಡರೆ ಹೊಟ್ಟೆನೋವು, ಅಲ್ಲಿಯ ಜನರೊಡನೆ ಮಾತಾಡಿದರೆ ಬುದ್ಧಿ ಕೆಡುತ್ತದೆ ಎಂಬುದು ಅವರ ನಂಬಿಕೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಬುಧವಾರ ನಾನು ಈ ಮೂರನ್ನೂ ಮಾಡಿ ಬಂದೆ. ನೆಗಡಿಯೊಂದು ಬಂತು, ಉಳಿದವು ಬರಲಿಲ್ಲ.

ಆಗ ನಿಮ್ಮವ್ವ ಕಸ್ತೂರಿಗೆ ಏಳನೆಯ ತಿಂಗಳು. ನಿಮ್ಮಲ್ಲಿ ಹಿರಿಯವಳಾದ ಶೋಭಾ ಅವಳ ಹೊಟ್ಟೆಯಲ್ಲಿದ್ದಳು. ಮುಂದಿನ ಶುಕ್ರವಾರ ಲಕ್ಷ್ಮೇಶ್ವರದ ಅವಳ ಅತ್ತೆಯ ಮನೆಯಲ್ಲಿ ಕುಬಸ, ನೀವು ಸೀಮಂತ ಎನ್ನುತ್ತೀರಲ್ಲ ಅದು. ಕುಬಸಕ್ಕೆ ತವರಿನ ಹಸಿರು ಸೀರೆ ಆಗಬೇಕು, ಅದನ್ನು ಹೆತ್ತವ್ವ ಮಗಳ ಉಡಿಗೆ ಹಾಕಬೇಕು. ಉಡಿ ಎಂದರೆ ಸೆರಗನ್ನು ಮುಂದಕ್ಕೆ ತಂದು ಬೊಗಸೆಯಂತೆ ಒಡ್ಡುವುದು. ಅದರಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ ಬೇರು ಹಾಕುತ್ತಾರೆ. ಇದು ನಿಮಗೆ ಗೊತ್ತಿರಬಹುದು. ಆದರೆ ಗಂಡ ಸತ್ತವಳ ಉಡಿ ತುಂಬುವುದಿಲ್ಲ, ಅವಳು ಇನ್ನೊಬ್ಬರ ಉಡಿ ತುಂಬುವುದೂ ಇಲ್ಲ. ನಿಮ್ಮ ಅಜ್ಜ ತೀರಿಹೋಗಿ ಎರಡು ಮಳೆಗಾಲ ಕಳೆದಿದ್ದವು. ನನ್ನ ತಮ್ಮನ ಹೆಂಡತಿ ಉಡಿ ತುಂಬುವುದೆಂದೂ ನಾನು ಅಡುಗೆಮನೆಯಲ್ಲಿ ಇರುವುದೆಂದೂ ಬೀಗರಿಂದ ಹೇಳಿಕೆ ಬಂದಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದು ಹಾಗೇ ನಡೆಯುತ್ತಿತ್ತು. ಕೈ ನನ್ನದಾಗದಿದ್ದರೂ ಸೀರೆಯಾದರೂ ನಾನು ನೋಡಿ ಆರಿಸಿದ್ದಾಗಲಿ ಎಂಬುದೊಂದೇ ನನ್ನ ಆಸೆ.

ಸೊರಟೂರ: ಬಸ್ಸು ಬರುವ ಮೊದಲು

ಹೊರಡಿಸಿದವಳು ಓಣಿಯ ಗಂಗಕ್ಕ. ನನಗಿಂತ ಸ್ವಲ್ಪ ಹಿರಿಯಳು, ಮಾತಿನಲ್ಲಿ ಬಹಳ ಹಿರಿಯಳು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ್ದರೂ ಮಕ್ಕಳಿರಲಿಲ್ಲ. ಅದರ ಬಗ್ಗೆ ಊರು ಆಡಿಕೊಳ್ಳುವ ಮೊದಲೇ ತಾನೇ ಏನಾದರೂ ಹೇಳಿ ನಗಿಸಿಬಿಡುತ್ತಿದ್ದಳು. ನಾನು ಮನೆ ಬಿಟ್ಟು ಹೊರಗೆ ಬರುವುದನ್ನೇ ಮರೆತಿದ್ದೆ. ಹಿಂದಿನ ದಿನ ಸಂಜೆ ಅವಳು ನಮ್ಮ ಪಡಸಾಲೆಯಲ್ಲಿ ಬಂದು ನಿಂತಳು.

"ಪಾರಿ, ಇನ್ನ ಎಷ್ಟ ದಿನಾ ಮೂಲ್ಯಾಗ ಕುಂಡ್ರತಿ? ನಾಳೆ ಗದಗಿಗೆ ಬಾ. ನೀ ಬರಲಿಲ್ಲಂದ್ರ ಸೀರಿ ನಾ ಆರಿಸ್ತೀನಿ. ನನ್ನ ಕಣ್ಣು ಹೆಂಗ ಐತಿ ಅಂತ ನನ್ನ ಗಂಡನ್ನ ನೋಡಿದ್ರ ಗೊತ್ತಾಗತೈತಿ."

ಇನ್ನೊಬ್ಬಳು ಹುಸೇನಬಿ. ಊರೂರು ತಿರುಗಿ ಬಳೆ ಮಾರುತ್ತಿದ್ದವಳು, ಮಾಲು ತರಲು ಆಗಾಗ ಗದಗಿಗೆ ಹೋಗಿಬರುತ್ತಿದ್ದವಳು. ನಮ್ಮ ಮೂವರಲ್ಲಿ ಪೇಟೆಯ ಗುಟ್ಟು ಬಲ್ಲವಳು ಅವಳೊಬ್ಬಳೇ. ಬಸ್ಸು ಬರುವತನಕ ಬೇವಿನ ಗಿಡದ ಕೆಳಗೆ ನಮಗೆ ಪಾಠ ಮಾಡಿದಳು. ಟಾಂಗಾ ಹತ್ತಬಾರದು, ನಡೆಯಬೇಕು. ಬಾಯಾರಿದರೆ ಸೋಡಾ ಕೇಳಬಾರದು, ಗುಡಿಯ ನಳದಲ್ಲಿ ಕುಡಿಯಬೇಕು. ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ಪಾಠ ಕೊನೆಗೆ ಬಂತು.

"ಮಾಲು ಚಲೋ ಕಂಡ್ರ ಮಾರಿ ಸೊಟ್ಟ ಮಾಡ್ರಿ. ಕಣ್ಣು ಅರಳಿಸಿದ್ರೋ, ರೇಟ್ ಏರಿತು."

ಎಣ್ಣೆ ಹಚ್ಚಿ ಬಾಚಿದ ತಲೆಯ ಮೇಲೆ ಸೆರಗು ಹೊದ್ದು, ಹಣೆಗೆ ವಿಭೂತಿ ಇಟ್ಟುಕೊಂಡು, ಶೇಂಗಾ ಆರಿಸಿ ಕೂಡಿಸಿದ ಹಣವನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ನಾನು ಬಸ್ಸು ಹತ್ತಿದೆ. ಸಾದಾ ಕಂದು ಸೀರೆ ಉಟ್ಟಿದ್ದೆ. ಒಳ್ಳೆಯದನ್ನು ಶುಕ್ರವಾರಕ್ಕೆಂದು ಎತ್ತಿಟ್ಟಿದ್ದೆ. ಕಿಟಕಿಯ ಹತ್ತಿರ ಕೂತದ್ದು ಎಷ್ಟೋ ವರ್ಷಗಳ ಮೇಲೆ. ಜೋಳದ ತೆನೆ ಬಾಗಿದ್ದವು. ನಾಗಾವಿ ಬಂದಾಗ ಗಂಗಕ್ಕ ಕಂಡಕ್ಟರನೊಡನೆ ಬುತ್ತಿಯ ಗಂಟಿಗೂ ಟಿಕೆಟ್ ಬೇಕೇ ಎಂದು ಜಗಳ ತೆಗೆದಿದ್ದಳು. ಆತ ಬೇಡ ಎಂದು ಮೊದಲೇ ಹೇಳಿದ್ದ. ಆದರೂ ಜಗಳ ನಡೆಯಿತು.

ಗದಗ: ಸೊಟ್ಟ ಮಾರಿ

ಗದಗಿನಲ್ಲಿ ಮೊದಲು ನನ್ನನ್ನು ಹಿಡಿದದ್ದು ಬೋರ್ಡುಗಳು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಓದಿದ ಅಕ್ಷರ ಮರೆತುಹೋಗಿರಬೇಕು ಅಂದುಕೊಂಡಿದ್ದೆ. ಅಂಗಡಿಯ ಮೇಲೆ, ಗೋಡೆಯ ಮೇಲೆ, ಲಾರಿಯ ಹಿಂದೆ ಎಲ್ಲ ಕಡೆ ಅಕ್ಷರ. ಎಲ್ಲವೂ ಓದಲು ಬಂದವು. ತುಟಿಯೊಳಗೇ ಓದಿಕೊಳ್ಳುತ್ತ ಹಿಂದೆ ಬೀಳುತ್ತಿದ್ದೆ. ಮಂತ್ರ ಹೇಳುವುದು ಸಾಕು, ಜಲ್ದಿ ನಡೆ ಎಂದು ಗಂಗಕ್ಕ ಎರಡು ಸಲ ತಿರುಗಿ ಬಂದು ಕೈ ಹಿಡಿದು ಎಳೆದಳು.

ಪೇಟೆಯ ಜನ ನಡೆಯುವ ರೀತಿಯೇ ಬೇರೆ. ನಮ್ಮೂರಿನಲ್ಲಿ ಎದುರಿಗೆ ಬಂದವರು ನಿಂತು, ಎಲ್ಲಿಗೆ ಹೊರಟಿ, ಯಾಕೆ ಹೊರಟಿ ಎಂದು ಕೇಳದೆ ಬಿಡುವುದಿಲ್ಲ. ಅಲ್ಲಿ ಅಷ್ಟು ಮಂದಿ ಎದುರಾದರೂ ಒಬ್ಬರೂ ಕೇಳಲಿಲ್ಲ. ಮೊದಮೊದಲು ಅವಮಾನವೆನಿಸಿತು. ಆಮೇಲೆ ಹಗುರೆನಿಸಿತು. ಕುಂಕುಮವಿಲ್ಲದ ನನ್ನ ಹಣೆಯನ್ನು ನೋಡಿ ಯಾರೂ ಮುಖ ತಿರುಗಿಸಲಿಲ್ಲ. ನೋಡಲು ಅವರಿಗೆ ಪುರುಸೊತ್ತಿರಲಿಲ್ಲ.

ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೊಕ್ಕೆವು. ಕೊಳ್ಳಲು ಅಲ್ಲ. ಬೆಟಗೇರಿಯಲ್ಲಿ ಮಗ್ಗದ ಮನೆಗೇ ಹೋದರೆ ಅಗ್ಗ ಎಂದು ಹುಸೇನಬಿ ಹೇಳಿದ್ದಳು. ಅಂಗಡಿಯ ರೇಟು ತಿಳಿದುಕೊಂಡರೆ ಅಲ್ಲಿ ಚೌಕಾಸಿಗೆ ಅನುಕೂಲ. ಗಾದಿಯ ಮೇಲೆ ಕೂತಿದ್ದ ಮಾಲೀಕ ಒಂದಾದ ಮೇಲೊಂದು ಸೀರೆ ಬಿಚ್ಚಿ ಹರವಿದ. ಗಿಳಿಹಸಿರಿನದೊಂದು ಬಂತು. ನನಗೆ ತಡೆಯಲಾರದಷ್ಟು ಚಂದ ಕಂಡಿತು. ಪಾಠ ನೆನಪಾಗಿ ಮುಖವನ್ನು ಎಷ್ಟು ಸಾಧ್ಯವೋ ಅಷ್ಟು ಸೊಟ್ಟ ಮಾಡಿದೆ.

ಮಾಲೀಕ ಸೀರೆ ಬಿಟ್ಟು ನನ್ನನ್ನೇ ನೋಡಿದ. "ಅವ್ವಾರಿಗೆ ಹೊಟ್ಟಿ ನೋವೇನ್ರಿ? ನೀರ ಕೊಡಸ್ಲೇನ್ರಿ?"

ಗಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಹುಸೇನಬಿ, ಹೌದ್ರಿ, ಮುಂಜಾನೆಯಿಂದ ಹಿಂಗೇ ಅದಾಳ್ರಿ ಎಂದು ನನ್ನನ್ನು ಎಬ್ಬಿಸಿಕೊಂಡು ಹೊರಗೆ ನಡೆದಳು. ಆ ಒಳ್ಳೆಯ ಮನುಷ್ಯ ಹಿಂದಿನಿಂದ ನೀರಿನ ಗ್ಲಾಸನ್ನು ಕಳಿಸಿಯೇ ಕಳಿಸಿದ. ಕುಡಿದೆ. ನಮ್ಮತ್ತೆ ಹೇಳಿದ ನೆಗಡಿ ಬಂದದ್ದು ಅದರಿಂದಲೇ ಇರಬೇಕು.

ಬೆಟಗೇರಿ: ಮಗ್ಗದ ಮನೆ

ರೈಲು ಹಳಿ ದಾಟಿ ಬೆಟಗೇರಿಗೆ ನಡೆದೆವು. ಆ ಓಣಿಗೆ ಕಾಲಿಟ್ಟರೆ ಸಾಕು, ಮನೆಮನೆಯಿಂದ ಮಗ್ಗದ ಸಪ್ಪಳ. ನಮ್ಮ ಓಣಿಯಲ್ಲಿ ಮುಂಜಾನೆ ರೊಟ್ಟಿ ಬಡಿಯುವ ಸದ್ದು ಕೇಳುವಂತೆ ಅಲ್ಲಿ ಹಗಲೆಲ್ಲ ಇದು. ಹೆಂಗಸರು ಹೊಸ್ತಿಲಲ್ಲಿ ಕೂತು ರಾಟಿಗೆ ನೂಲು ಸುತ್ತುತ್ತ, ಕೈ ನಿಲ್ಲಿಸದೆ ಎದುರು ಮನೆಯವರೊಡನೆ ಮಾತಾಡುತ್ತಿದ್ದರು. ಮಗ್ಗದ ಸದ್ದಿನ ಮೇಲೆ ಕೇಳಿಸಬೇಕಲ್ಲ, ಅದಕ್ಕೆ ಎಲ್ಲರದೂ ದೊಡ್ಡ ದನಿ. ಗಂಗಕ್ಕ ಆ ಊರಲ್ಲೇ ಹುಟ್ಟಬೇಕಾಗಿತ್ತು ಎಂದಳು ಹುಸೇನಬಿ.

ಹುಸೇನಬಿಯ ಗುರುತಿನ ಮನೆ ತಗ್ಗು ಮಾಳಿಗೆಯದು. ನೆಲದೊಳಗೆ ಕುಣಿ ತೆಗೆದು ಅದರಲ್ಲಿ ಕಾಲು ಇಳಿಬಿಟ್ಟು ಒಬ್ಬಾತ ನೇಯುತ್ತಿದ್ದ. ಅವನ ತಾಯಿ, ಬೆನ್ನು ಬಾಗಿದ ಆಯಿ, ವ್ಯಾಪಾರ ನೋಡುತ್ತಿದ್ದಳು. ಕಡುಹಸಿರು ಮೈ, ಕೆಂಪು ದಡಿ, ಅಂದು ಮುಂಜಾನೆಯಷ್ಟೇ ಮಗ್ಗದಿಂದ ಇಳಿದ ಸೀರೆ ಒಂದೇ ಒಂದು ಇತ್ತು. ಉಳಿದವು ಬೇರೆ ಬಣ್ಣದವು. ಇನ್ನೊಂದು ಹಸಿರು ಬೇಕೆಂದರೆ ಮಗ್ಗಕ್ಕೆ ಮುಂದಿನ ಹಾಸಿನ ನೂಲು ಹೂಡಿದ ಮೇಲೆಯೇ ಎಂದಳು ಆಯಿ.

ನಾನು ಆ ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಆಗಲೇ ಆರಿಸಿಬಿಟ್ಟೆ. ಗಂಗಕ್ಕನಿಗೆ ಕಣ್ಸನ್ನೆ ಮಾಡಿ, ಹಣವನ್ನು ಅವಳ ಕೈಗೆ ಕೊಟ್ಟು, ಕಂಬದ ಹಿಂದೆ ಸರಿದೆ. ಹಸಿರು ಸೀರೆಗೆ ನನ್ನಂಥವಳು ಮುಂದೆ ನಿಂತು ಚೌಕಾಸಿ ಮಾಡುವುದು ನನಗೇ ಸರಿಕಾಣಲಿಲ್ಲ. ಚೌಕಾಸಿಯ ಮಾತೂ ನನಗೆ ಬರುತ್ತಿರಲಿಲ್ಲ. ಗಂಗಕ್ಕ ನನ್ನ ಪರವಾಗಿ ಗುದ್ದಾಡಿದಳು. ದಡಿ ಸಣ್ಣದು ಎಂದಳು, ಬಣ್ಣ ಬಿಡುತ್ತದೆ ಎಂದಳು, ಎದ್ದು ಬಾಗಿಲ ತನಕ ಹೋಗಿ ಬಂದಳು. ಆಯಿಯೂ ಕಡಿಮೆಯವಳಲ್ಲ. ಕೊನೆಗೆ ಇಬ್ಬರೂ ನಕ್ಕು ವ್ಯಾಪಾರ ಮುಗಿಸಿದರು.

ಆಮೇಲೆ ಆಯಿ ಎದ್ದು ಒಳಗಿನಿಂದ ಒಂದು ಹಿಡಿ ಅಕ್ಕಿ, ಅರಿಶಿನ ಬೇರು ತಂದಳು. ಗಂಗಕ್ಕನ ಹಣೆಗೆ ಕುಂಕುಮ ಹಚ್ಚಿದಳು.

"ಮಗ್ಗದಿಂದ ಇಳಿದ ಸೀರಿ ಕೈಗೆ ಕೊಡೂದಿಲ್ಲವ್ವಾ ನಮ್ಮ ಮನ್ಯಾಗ. ಉಡಿ ಒಡ್ಡು."

ಗಂಗಕ್ಕ ಎಷ್ಟೋ ಮನೆಗಳಲ್ಲಿ ಉಡಿ ತುಂಬಿಸಿಕೊಂಡವಳು. ಕೈ ತಾನಾಗಿ ಸೆರಗು ಒಡ್ಡಿಬಿಟ್ಟಿತು. ಸೀರೆ ಅದರೊಳಗೆ ಬಿತ್ತು, ಅಕ್ಕಿ ಬಿತ್ತು. ಆಯಿ ಸೆರಗಿನ ತುದಿಗಳನ್ನು ತಾನೇ ಕೂಡಿಸಿ ಗಂಟು ಹಾಕಿ, ಅದರ ಮೇಲೆ ಕೈಯಿಟ್ಟು ಹೇಳಿದಳು: "ತುಂಬಿದ ಉಡಿ ತುಂಬೇ ಇರಲಿ. ಕೈಲೆ ತಗದು ಯಾರಿಗೂ ಕೊಡಬ್ಯಾಡ, ತಾಯಿ."

ಬೀದಿಗೆ ಬಂದ ಮೇಲೆಯೇ ನಮಗೆ ಆದದ್ದು ತಿಳಿದದ್ದು. ಉಡಿಗೆ ಬಿದ್ದದ್ದು ಆ ಉಡಿಯವಳದು. ಅದನ್ನು ತೆಗೆದು ಕೊಟ್ಟರೆ ಮನೆ ಬರಿದಾಗುತ್ತದೆ ಎಂದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ನನ್ನ ಹಣ, ನಾನು ಆರಿಸಿದ ಸೀರೆ, ನನ್ನ ಮಗಳ ಕುಬಸ. ಆದರೆ ಸೀರೆ ಈಗ ಗಂಗಕ್ಕನದು. ಇನ್ನೊಂದು ಕೊಳ್ಳಲು ಹಣವೂ ಇಲ್ಲ, ಮಗ್ಗದಲ್ಲಿ ಹಸಿರೂ ಇಲ್ಲ.

ಹುಸೇನಬಿಗೆ ಇದು ಸಣ್ಣ ಮಾತು. "ಗಂಟ ಬಿಚ್ಚಿ ಕೊಟ್ಟಬಿಡು. ಮುದುಕಿ ಏನ ಸೊರಟೂರಿಗೆ ಬಂದು ನೋಡ್ತಾಳೇನು?"

ಗಂಗಕ್ಕ ಎರಡೂ ಕೈ ಉಡಿಯ ಕೆಳಗೆ ಕೊಟ್ಟು ಅದರ ಭಾರವನ್ನು ಹಿಡಿದುಕೊಂಡು ಮುಂದೆ ನಡೆದಳು. ಅವಳನ್ನು ಹಾಗೆ ಸುಮ್ಮನೆ ಕಂಡದ್ದು ನಾನು ಅದೇ ಮೊದಲು. ಬಿಚ್ಚು ಎಂದು ನಾನೂ ಹೇಗೆ ಹೇಳಲಿ? ಬೇರೆ ಯಾರ ಉಡಿಯಾದರೂ ಕೇಳಬಹುದಿತ್ತು.

ಗದಗ: ಪಡದೆಯ ಹಿಂದಿನ ಊಟ

ಗದಗಿಗೆ ಬಂದವರು ಮಿರ್ಚಿ ಭಜಿ ತಿನ್ನದೆ ಹೋಗಬಾರದು ಎಂದು ಹುಸೇನಬಿಯ ಹಟ. ಹೋಟೆಲಿನಲ್ಲಿ ಹೆಂಗಸರಿಗೆಂದು ಹಿಂದುಗಡೆ ಪಡದೆ ಕಟ್ಟಿದ ಒಂದು ಗೂಡು ಇತ್ತು. ನಾನು ಹೋಟೆಲ್ ಒಳಗೆ ಕಾಲಿಟ್ಟದ್ದು ಅದೇ ಮೊದಲ ಸಲ. ಗಂಡಸರ ನಡುವೆ ಹಾದುಹೋಗುವಾಗ ಕಾಲಿಗೆ ಕಾಲು ತೊಡರಿತು. ಒಳಗೆ ಕೂತಮೇಲೆ ಪಡದೆಯ ತೂತಿನಿಂದ ಅದೇ ಗಂಡಸರನ್ನು ಧೈರ್ಯವಾಗಿ ನೋಡಿದೆ. ಅವರು ಚಹಾವನ್ನು ಬಸಿ ತಟ್ಟೆಗೆ ಸುರಿದು, ಪೇಪರ್ ಓದುತ್ತ ಓದುತ್ತ ಹೀರುತ್ತಿದ್ದರು. ಇಲ್ಲಿ ಯಾರೂ ಹೊಲಕ್ಕೆ ಹೋಗುವುದಿಲ್ಲವೇ ಎನಿಸಿತು.

ಮೂವರಿಗೆ ಒಂದು ಪ್ಲೇಟ್ ಮಿರ್ಚಿ, ಒಂದು ಚುರುಮುರಿಯ ಗಿರ್ಮಿಟ್ ತರಿಸಿ, ಮೇಜಿನ ಕೆಳಗೆ ಸದ್ದಿಲ್ಲದೆ ಬುತ್ತಿ ಬಿಚ್ಚಿದೆವು. ಒಣಗಿದ ಕಟಕರೊಟ್ಟಿಯನ್ನು ಸದ್ದಿಲ್ಲದೆ ಮುರಿಯಲು ಸಾಧ್ಯವೇ? ಮಾಲೀಕ ಪಡದೆ ಸರಿಸಿ ಒಳಬಂದ. ಹೊರಗಿನ ಊಟ ಇಲ್ಲಿ ನಡೆಯುವುದಿಲ್ಲ ಎಂದು ಶುರುಮಾಡಿದ. ಅಷ್ಟರಲ್ಲಿ ಅವನ ಹೆಂಡತಿ ಹಿಂದಿನಿಂದ ಇಣುಕಿದಳು. ಗಂಗಕ್ಕ ಗೋಡೆಗೆ ಒರಗಿ ಕೂತಿದ್ದಳು. ಸೆರಗಿನೊಳಗಿನ ಸೀರೆ ನಡುವಿನ ಮುಂದೆ ಉಬ್ಬಿ ನಿಂತಿತ್ತು, ಅವಳ ಒಂದು ಕೈ ಅದರ ಮೇಲಿತ್ತು.

"ನೀವು ಹೊರಗ ನಡೀರಿ," ಎಂದಳು ಆಕೆ ಗಂಡನಿಗೆ. "ಬಸರಿ ಹೆಣ್ಣಮಗಳು ಉಣ್ಣಾಕತ್ತಾಳ, ಕಣ್ಣಿಗೆ ಕಾಣಸಂಗಿಲ್ಲ?"

ಆತ ತಲೆ ತಗ್ಗಿಸಿ ಹೋದ. ಆಕೆ ಒಂದು ಬಟ್ಟಲು ಕೆನೆಮೊಸರು, ಎರಡು ಹೋಳು ನಿಂಬೆ ಉಪ್ಪಿನಕಾಯಿ ತಂದು ಗಂಗಕ್ಕನ ಮುಂದೆ ಇಟ್ಟಳು. ಎಷ್ಟನೆಯ ತಿಂಗಳು ಎಂದು ಕೇಳಿದಳು.

ಹುಸೇನಬಿ ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಇಂಥ ಮಾತಿಗೆ ಗಂಗಕ್ಕನ ಬಳಿ ಯಾವಾಗಲೂ ಉತ್ತರವಿರುತ್ತಿತ್ತು. ಅವಳು ಮೊಸರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

"ಏಳು," ಎಂದಳು.

ಗಂಗಕ್ಕ ಮೊಸರನ್ನು ರೊಟ್ಟಿಗೆ ಹಚ್ಚಿಕೊಂಡು ನಿಧಾನವಾಗಿ ಉಂಡಳು. ಉಪ್ಪಿನಕಾಯಿಯನ್ನು ಮಾತ್ರ ನಮಗೂ ಕೊಟ್ಟಳು. ಅವಳ ಮುಖ ನೋಡುತ್ತ ನಾನು ನನ್ನೊಳಗೇ ತೀರ್ಮಾನ ಮಾಡಿದೆ, ಸೀರೆಯ ಮಾತು ಇನ್ನು ಎತ್ತುವುದಿಲ್ಲ. ಪೆಟ್ಟಿಗೆಯಲ್ಲಿ ಕುಪ್ಪಸಕ್ಕಾಗುವ ಒಂದು ಹಸಿರು ಖಣ ಇತ್ತು. ಬೀಗರ ಮುಂದೆ ತಲೆ ತಗ್ಗಿಸಿ ಅದನ್ನೇ ಕೊಟ್ಟರಾಯಿತು. ಕಸ್ತೂರಿ ನನ್ನ ಮೇಲೆ ಸಿಟ್ಟಾಗುವ ಹುಡುಗಿಯಲ್ಲ. ಹಾಗೆಂದುಕೊಂಡರೂ ಮಿರ್ಚಿ ಕಚ್ಚಿದಾಗ ಕಣ್ಣು ತುಂಬಿತು. ಖಾರಕ್ಕೆ ಕಣ್ಣೀರು ಬಂತೆಂದು ಹೇಳಿದೆ. ಅಷ್ಟು ಖಾರವೇನೂ ಇರಲಿಲ್ಲ.

ಗದಗ: ಬಸ್ ನಿಲ್ದಾಣ

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಸೇನಬಿ ತನ್ನ ಬಳೆಯ ಮಾಲು ಕಟ್ಟಿಸಿಕೊಂಡು ಬರುತ್ತೇನೆಂದು ಹೋದಳು. ನಿಲ್ದಾಣದ ಕಲ್ಲುಬೆಂಚಿನ ತುಂಬ ಜನ. ಮುಂಡರಗಿಗೆ ಹೊರಟಿದ್ದ ಒಬ್ಬ ಮುದುಕ ಗಂಗಕ್ಕನನ್ನು ನೋಡಿ ಎದ್ದು, ಕುಂಡ್ರು ತಂಗಿ ಎಂದು ಜಾಗ ಬಿಟ್ಟ. ಅವಳು ಕೂತಳು. ನಾನು ಅವಳ ಪಕ್ಕ ನಿಂತೆ.

ಬಹಳ ಹೊತ್ತಿನ ಮೇಲೆ ಅವಳು ನನ್ನ ಮುಂಗೈ ಹಿಡಿದು ಎಳೆದಳು. ನಿಲ್ದಾಣದ ಹಿಂದೆ ನೀರಿನ ತೊಟ್ಟಿಯ ಮರೆಗೆ ಹೋದೆವು.

"ಉಡಿ ಒಡ್ಡು, ಪಾರಿ."

ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದೆ. ನನ್ನಂಥವಳು ಉಡಿ ಒಡ್ಡುವುದೇ, ಬೇಡವೇ ಬೇಡ, ನಿನ್ನ ಉಡಿ ಬರಿದಾಗುತ್ತದೆ, ಆಯಿ ಏನು ಹೇಳಿದಳು ಎಂದು ತೊದಲಿದೆ.

"ಕೈಲೆ ತಗದು ಕೊಡಬ್ಯಾಡ ಅಂದಾಳ. ಉಡಿಲಿಂದ ಉಡಿಗೆ ಹಾಕಬ್ಯಾಡ ಅಂದಿಲ್ಲ. ಒಡ್ಡಲೇ, ಬಸ್ಸು ಬರತೈತಿ."

"ಗಂಗಕ್ಕಾ, ನಿನಗ…"

"ನಂದು ಒಂದ ಹಗಲು ತುಂಬಿತ್ತವಾ. ಮೊಸರ ಉಂಡೆ, ಜಾಗಾ ಬಿಟ್ಟುಕೊಟ್ರು. ಮತ್ತೇನ ಬೇಕು?"

ತಲೆಯ ಮೇಲಿನ ಸೆರಗನ್ನು ನಾನು ಮುಂದಕ್ಕೆ ತಂದೆ. ಎರಡು ವರ್ಷ ಯಾರೂ ಒಡ್ಡು ಎಂದಿರಲಿಲ್ಲ. ಗಂಗಕ್ಕ ಗಂಟು ಸಡಿಲಿಸಿ, ಸೀರೆಗೆ ಕೈ ತಾಗಿಸದೆ, ಬಾಗಿ ತನ್ನ ಸೆರಗನ್ನು ನನ್ನ ಸೆರಗಿನ ಮೇಲೆ ಬೋರಲು ಮಾಡಿದಳು. ಸೀರೆ ಜಾರಿ ನನ್ನ ಉಡಿಗೆ ಬಿತ್ತು. ಅಕ್ಕಿ ಬಿತ್ತು. ಅವಳ ಸೆರಗಿಗೆ ಅಂಟಿದ್ದ ಕೊನೆಯ ಕಾಳುಗಳನ್ನೂ ಕೊಡವಿದಳು. ನಂತರ ಗಂಟು ಹಾಕುತ್ತ, ಹಳೆಯ ಗಂಗಕ್ಕನ ದನಿಯಲ್ಲಿ ಹೇಳಿದಳು:

"ಈಗ ನೀನೂ ಇದನ್ನ ಕೈಲೆ ತಗದು ಯಾರ ಕೈಗೂ ಕೊಡೂಹಂಗಿಲ್ಲ. ನಿನ್ನ ತಮ್ಮನ ಹೆಂಡತಿ ಕೈಗೂ ಇಲ್ಲ. ತಿಳೀತಿಲ್ಲೋ?"

ಅವಳು ಏನು ಮಾಡಿದ್ದಾಳೆಂದು ನನಗೆ ಆಗ ತಿಳಿಯಿತು.

ಲಕ್ಷ್ಮೇಶ್ವರ

ಆ ರಾತ್ರಿ ಕಂದು ಸೀರೆಯನ್ನು ಗಂಟು ಬಿಚ್ಚದೆ ಹಾಗೇ ಕಳಚಿ, ಸೆರಗಿನೊಳಗಿನ ಹಸಿರು ಸೀರೆಯ ಸಮೇತ ದೇವರ ಮಾಡದಲ್ಲಿ ಇಟ್ಟೆ. ಶುಕ್ರವಾರ ಅದನ್ನೇ ಉಟ್ಟೆ. ಒಳ್ಳೆಯ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ನನ್ನ ತಮ್ಮನ ಹೆಂಡತಿ ನನ್ನ ನಡುವಿನ ಉಬ್ಬನ್ನು ನೋಡಿ ಕೇಳುವ ಮೊದಲೇ ಗಂಗಕ್ಕ ಅವಳ ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟಿದ್ದಳು.

ಬೀಗರದು ಕಾಳುಕಡಿಯ ವ್ಯಾಪಾರದ ಮನೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕಸ್ತೂರಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಹುಸೇನಬಿ ಮೊದಲೇ ಬಂದು ಅವಳ ಕೈ ತುಂಬ ಹಸಿರು ಬಳೆ ಇಡಿಸಿದ್ದಳು. ಬೀಗರು ಹೇಳಿದ ಹಾಗೆ ನಾನು ಅಡುಗೆಮನೆಯಲ್ಲಿ ನಿಂತೆ. ಹೋಳಿಗೆ ಬೇಯುತ್ತಿದ್ದವು. ಹೊರಗೆ ಹಾಡು ಮುಗಿಯಿತು. ಸೀರೆ ಕೊಡಿರಿ, ಹೊತ್ತಾಯಿತು ಎಂದು ಬೀಗತಿ ಬಾಗಿಲಿಗೆ ಬಂದು ಕೈ ಚಾಚಿದರು.

ಗಂಗಕ್ಕ ಅವರ ಹಿಂದೆಯೇ ನಿಂತಿದ್ದಳು.

"ಅದು ಉಡ್ಯಾಗ ಬಂದ ಸೀರಿ ಐತ್ರಿ, ಅಕ್ಕಾರ. ಕೈಲೆ ತಗಿಯೂಹಂಗಿಲ್ಲ. ಉಡಿಲಿಂದ ಉಡಿಗೇ ಹೋಗಬೇಕು."

ಬೀಗತಿ ನನ್ನ ಹಣೆಯನ್ನು ನೋಡಿದರು, ಆಮೇಲೆ ನನ್ನ ಉಡಿಯನ್ನು ನೋಡಿದರು. ಪಡಸಾಲೆಯ ಹೆಂಗಸರೆಲ್ಲ ಕತ್ತು ಹೊರಳಿಸಿದರು. ತುಂಬಿದ ಉಡಿಯನ್ನು ಬಸುರಿಯ ಎದುರು ಬರಿಗೈಯಿಂದ ಬರಿದು ಮಾಡು ಎಂದು ಹೇಳುವ ಎದೆ ಅಲ್ಲಿ ಯಾರಿಗೂ ಇರಲಿಲ್ಲ. ಬೀಗತಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಹಂಗಾರ ನೀವ ಬರ್ರಿ," ಎಂದರು.

ಆ ಪಡಸಾಲೆ ಬೆಟಗೇರಿಗಿಂತ ದೂರವಿತ್ತು. ನಡೆದು ಹೋದೆ. ಮಗಳ ಮುಂದೆ ಮೊಣಕಾಲೂರಿ, ಗಂಟು ಸಡಿಲಿಸಿ, ನನ್ನ ಸೆರಗನ್ನು ಅವಳ ಸೆರಗಿನ ಮೇಲೆ ಬಾಗಿಸಿದೆ. ಸೀರೆ ಇಳಿಯಿತು, ಅದರ ಹಿಂದೆ ಆಯಿಯ ಅಕ್ಕಿ ಇಳಿಯಿತು. ನಾನು ಎದ್ದು ಹೋಗಬೇಕಿತ್ತು. ಹೋಗಲಾಗಲಿಲ್ಲ. ಕಸ್ತೂರಿ ತನ್ನ ಸೆರಗಿನ ಜೊತೆ ನನ್ನ ಸೆರಗಿನ ತುದಿಯನ್ನೂ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಿದ್ದಳು. ಆರತಿ ಮುಗಿಯುವವರೆಗೂ ಬಿಡಲಿಲ್ಲ.